ಗಾಲ್ಫ್ ಬಯಲಿನ ಅಗ್ರಗಾಮಿನಿಯರು

1893ರ ಏಪ್ರಿಲ್ ತಿಂಗಳಿನಲ್ಲಿ ಇಂಗ್ಲೆಂಡಿನ ಕೆಲವು ಮಹಿಳೆಯರು ತಮ್ಮದೇ ಆದ ಒಂದು ಗಾಲ್ಫ್ ಒಕ್ಕೂಟವನ್ನು ಸ್ಥಾಪಿಸಲು ಸಂಕಲ್ಪಿಸಿದ್ದಾಗ, ಆ ಕಾಲದ ಅಗ್ರಗಣ್ಯ ಆಟಗಾರರಲ್ಲೊಬ್ಬನೂ ಆ ಕ್ರೀಡೆಯ ವಿಷಯದಲ್ಲಿ ಮಾನ್ಯವಾದ ಗ್ರಂಥಗಳನ್ನು ಬರೆದವನೂ ಆಗಿದ್ದ ಹೊರೇಸ್ ಹಚಿನ್ಸನ್ ಎಂಬಾತನು ಬ್ಲಾಂಚ್ ಮಾರ್ಟಿನ್ ಎಂಬ ಮಹಿಳೆಗೆ ಒಂದು ಪತ್ರವನ್ನು ಬರೆದನು. ಅದರಲ್ಲಿ ಎರಡು ಆಕ್ಷೇಪಗಳಿದ್ದವು. ಸ್ತ್ರೀಯರ ದೇಹಪ್ರಕೃತಿಯು ಈ ಆಟಕ್ಕೆ ತಕ್ಕುದಲ್ಲ, ಕಡಲಂಚಿನ ಬಯಲುಗಳ ಗಾಳಿಮಳೆಯನ್ನೂ ಪಂದ್ಯದ ಶ್ರಮವನ್ನೂ ಅವರು ತಾಳಲಾರರೆಂಬುದು ಮೊದಲನೆಯದು. ಯಾವುದೊಂದು ಕಾರ್ಯವನ್ನೂ ಸ್ತ್ರೀಯರು ಒಗ್ಗೂಡಿ ಕೊನೆಮುಟ್ಟಿಸಿದುದು ಹಿಂದೆ ಇಲ್ಲ, ಮುಂದೆಯೂ ಆಗದು, ಆದುದರಿಂದ ಅವರ ಮೊದಲನೆಯ ಪಂದ್ಯಾವಳಿಯೇ ಕಡೆಯದೂ ಆಗುವುದೆಂಬುದು ಎರಡನೆಯದು. ಹಚಿನ್ಸನ್ ದುಷ್ಟನಲ್ಲ; ಆ ಕಾಲದ ಸಭ್ಯ ಗೃಹಸ್ಥರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದುದನ್ನೇ ಆತನು ಮುಚ್ಚುಮರೆಯಿಲ್ಲದೆ ಬರೆದಿದ್ದನು. ಮೊದಲನೆಯ ಆಕ್ಷೇಪಕ್ಕೆ ಉತ್ತರವು ಆಟದ ಅಂಗಳದಲ್ಲಿಯೇ ಬಹುಬೇಗನೆ ದೊರೆಯಿತು. ಎರಡನೆಯದಾದರೋ ಹೆಚ್ಚು ಭಾರವಾದ ಮಾತು. ಮಹಿಳಾ ಗಾಲ್ಫಿನ ಚರಿತ್ರೆಯಲ್ಲಿ ನಾವು ನಿಜವಾಗಿ ಗೌರವಿಸಬೇಕಾದದ್ದು ಆ ಎರಡನೆಯ ಮಾತಿಗೆ ತಲೆಮಾರಿನಿಂದ ತಲೆಮಾರಿಗೆ ಕೊಟ್ಟುಕೊಂಡು ಬಂದ ಉತ್ತರವನ್ನೇ ಎಂದು ನನ್ನ ದೃಢವಾದ ನಂಬಿಕೆ.

ಗಾಲ್ಫ್ ಎಂಬುದು, ನೋಡದವರಿಗಾಗಿ ಹೇಳುವುದಾದರೆ, ವಿಶಾಲವಾದ ಹುಲ್ಲುಬಯಲಿನಲ್ಲಿ ಒಂದರಿಂದೊಂದು ನೂರಾರು ಗಜ ದೂರದಲ್ಲಿ ಕೊರೆದ ಹದಿನೆಂಟು ಕುಳಿಗಳಿಗೆ ಒಂದು ಚಿಕ್ಕ ಗಟ್ಟಿ ಚೆಂಡನ್ನು ಬಗೆಬಗೆಯ ಕೋಲುಗಳಿಂದ ಹೊಡೆದು ಸೇರಿಸುವ ಆಟ. ಯಾರು ಅತಿ ಕಡಮೆ ಹೊಡೆತಗಳಲ್ಲಿ ಮುಗಿಸುವರೋ ಅವರು ಗೆದ್ದಂತೆ. ಇದರ ತವರು ಸ್ಕಾಟ್ಲೆಂಡು. ಅಲ್ಲಿನ ರಾಣಿ ಮೇರಿಯು 1567ರಲ್ಲಿ ಪತಿಯ ಕೊಲೆಯಾದ ಕೆಲವೇ ದಿನಗಳಲ್ಲಿ ಗಾಲ್ಫ್ ಆಡುತ್ತಿದ್ದಳೆಂದು ಆಕೆಯ ವೈರಿಗಳು ದೂರಿದರಷ್ಟೆ. ಅದು ನಿಜವೋ, ರಾಜಕೀಯ ದ್ವೇಷದ ಆರೋಪವೋ ಎಂಬ ಚರ್ಚೆ ಇತಿಹಾಸಜ್ಞರದು. ನನಗೆ ರಾಣಿಗಿಂತ ಹೆಚ್ಚಾಗಿ ಮನಸ್ಸನ್ನು ಸೆಳೆಯುವವರು ಎಡಿನ್‌ಬರೋ ನಗರದ ಸಮೀಪದ ಮಸಲ್‌ಬರೋ ಎಂಬ ಊರಿನ ಮೀನುಗಾರ್ತಿಯರು. ಮೀನು ತುಂಬಿದ ಬುಟ್ಟಿಯನ್ನು ಬೆನ್ನಮೇಲೆ ಹೊತ್ತು ಮೈಲಿಗಟ್ಟಲೆ ನಡೆದು ನಗರದಲ್ಲಿ ಮಾರಿಬರುತ್ತಿದ್ದ ಈ ಗಟ್ಟಿಗಿತ್ತಿಯರು ಬಿಡುವಿನ ದಿನಗಳಲ್ಲಿ ಗಾಲ್ಫ್ ಆಡುತ್ತಿದ್ದರೆಂದೂ, ವರ್ಷಕ್ಕೊಮ್ಮೆ ಮದುವೆಯಾದವರಿಗೂ ಆಗದವರಿಗೂ ಕಾಲ್ಚೆಂಡಿನ ಪಂದ್ಯ ನಡೆದು ಅದರಲ್ಲಿ ಮದುವೆಯಾದವರೇ ತಪ್ಪದೆ ಗೆಲ್ಲುತ್ತಿದ್ದರೆಂದೂ ಆ ಊರಿನ ಪಾದ್ರಿಯೊಬ್ಬನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬರೆದಿಟ್ಟಿದ್ದಾನೆ. 1810ರ ಡಿಸೆಂಬರಿನಲ್ಲಿ ಅಲ್ಲಿನ ಗಾಲ್ಫ್ ಸಂಘವು, ಬರುವ ಹೊಸವರ್ಷದ ಹಬ್ಬದಲ್ಲಿ ಚೆನ್ನಾಗಿ ಆಡಿದ ಮೀನುಗಾರ್ತಿಗೆ ಒಂದು ಹೊಸ ಮೀನುಬುಟ್ಟಿಯನ್ನೂ ಒಂದು ಶಾಲನ್ನೂ ಬಹುಮಾನವಾಗಿ ಕೊಡುವುದೆಂದೂ, ಅದರೊಡನೆ ಬಾರ್ಸಿಲೋನದ ರೇಷ್ಮೆ ಕರವಸ್ತ್ರಗಳೆರಡನ್ನು ಸೇರಿಸುವುದೆಂದೂ ತನ್ನ ನಡವಳಿ ಪುಸ್ತಕದಲ್ಲಿ ದಾಖಲಿಸಿತು. ಸ್ತ್ರೀಯರ ಗಾಲ್ಫ್ ಪಂದ್ಯಕ್ಕೆ ದೊರೆಯುವ ಮೊದಲ ಲಿಖಿತ ಆಧಾರಗಳಲ್ಲಿ ಇದೊಂದು. ಅಂದಮೇಲೆ ಈ ಆಟವನ್ನು ಪ್ರಭುವರ್ಗದ ಮಹಿಳೆಯರು ವಿನೋದಕ್ಕಾಗಿ ಆರಂಭಿಸಿದರೆಂಬ ಭಾವನೆ ಸರಿಯಲ್ಲ. ಹೊರೆ ಹೊತ್ತು ಹುರಿಗೊಂಡ ತೋಳುಗಳು ಅವರಿಗಿಂತ ಬಹುಮೊದಲೇ ಕೋಲನ್ನು ಹಿಡಿದಿದ್ದವು.

ಮೇಲುವರ್ಗದ ಮಹಿಳೆಯರಿಗೆ ಇಷ್ಟು ಸ್ವಾತಂತ್ರ್ಯವಿರಲಿಲ್ಲ. ಗಾಲ್ಫಿನ ಕ್ಷೇತ್ರವೆನಿಸಿದ ಸೇಂಟ್ ಆಂಡ್ರೂಸಿನಲ್ಲಿ 1867ರಲ್ಲಿ ಮಹಿಳೆಯರ ಸಂಘವೊಂದು ಸ್ಥಾಪಿತವಾಯಿತು. ಆದರೆ ಅವರಿಗೆ ದೊರೆತದ್ದು ದೊಡ್ಡ ಅಂಗಳವಲ್ಲ, ಚೆಂಡನ್ನು ನೆಲದ ಮೇಲೆ ಮೆಲ್ಲನೆ ಉರುಳಿಸಿ ಕುಳಿಗೆ ಬೀಳಿಸುವುದಕ್ಕಷ್ಟೇ ಸಾಕಾಗುವ, ಉಬ್ಬುತಗ್ಗುಗಳಿಂದ ಕೂಡಿದ, ಮುಂದೆ ಹಿಮಾಲಯವೆಂಬ ಹೆಸರನ್ನು ಪಡೆದ ಒಂದು ತುಂಡು ಭೂಮಿ. ಕೋಲನ್ನು ಭುಜದಿಂದ ಮೇಲಕ್ಕೆತ್ತಿ ಬೀಸುವುದು ಸ್ತ್ರೀಯರಿಗೆ ಶೋಭಿಸದೆಂದು ಗಣ್ಯರ ಅಭಿಪ್ರಾಯ. ಹೆಂಗಸರ ಹೊಡೆತ ಎಪ್ಪತ್ತು ಎಂಬತ್ತು ಗಜಗಳಿಗೆ ಮಿತವಾಗಿದ್ದರೆ ಒಳ್ಳೆಯದೆಂದೂ, ಅದಕ್ಕಿಂತ ದೂರ ಹೊಡೆಯಬೇಕಾದರೆ ಕೋಲು ಭುಜವನ್ನು ಮೀರಲೇಬೇಕಾಗುತ್ತದೆಂದೂ ಲಾರ್ಡ್ ವೆಲ್‌ವುಡ್ ಎಂಬಾತನು ಗಂಭೀರವಾಗಿ ಪ್ರತಿಪಾದಿಸಿದನು.

ಉಡುಪೇನೂ ಕಡಮೆ ತಡೆಯಾಗಿರಲಿಲ್ಲ. ನೆಲ ಗುಡಿಸುವ ಲಂಗ, ಕುತ್ತಿಗೆಯನ್ನು ಬಿಗಿಯುವ ಗಂಜಿ ಹಾಕಿದ ಕಾಲರು, ಕೂದಲಿಗೆ ಪಿನ್ನುಗಳಿಂದ ಬಂಧಿಸಿದ ಹ್ಯಾಟು, ಉಬ್ಬಿದ ತೋಳುಗಳ ಕುಪ್ಪಸ, ಇಷ್ಟರೊಳಗೆ ಸೊಂಟವನ್ನು ಹಿಡಿದಿಟ್ಟ ಒಳಬಿಗಿ. ಕಡಲಗಾಳಿ ಬೀಸಿದರೆ ಲಂಗ ಉಬ್ಬಿ ಕಾಲಬುಡದ ಚೆಂಡು ಕಾಣದಾಗುತ್ತಿತ್ತು. ಇದಕ್ಕೆ ಪರಿಹಾರವಾಗಿ ಬಂದುದು ಮಿಸ್ ಹಿಗಿನ್ಸ್ ಎಂಬ ಹೆಸರಿನ ಒಂದು ಎಳೆದರೆ ಹಿಗ್ಗುವ ಪಟ್ಟಿ. ಆಟಗಾರ್ತಿ ಅದನ್ನು ಸೊಂಟದಲ್ಲಿ ಧರಿಸಿದ್ದು, ಚೆಂಡಿನ ಮುಂದೆ ನಿಂತಾಗ ಮೊಣಕಾಲಿನವರೆಗೆ ಜಾರಿಸಿ ಲಂಗವನ್ನು ಬಿಗಿದು, ಹೊಡೆದಾದ ಮೇಲೆ ಮತ್ತೆ ಮೇಲಕ್ಕೆಳೆದುಕೊಂಡು ನಡೆಯಬೇಕಾಗಿತ್ತು. ಹದಿನೆಂಟು ಕುಳಿಗಳ ಉದ್ದಕ್ಕೂ ಹೊಡೆತ ಹೊಡೆತಕ್ಕೂ ಇದನ್ನು ಮಾಡುತ್ತಿದ್ದವರ ಆಟವನ್ನು ದುರ್ಬಲವೆಂದು ಕರೆಯುವ ಮೊದಲು ಯಾರಾದರೂ ಎರಡು ಸಲ ಯೋಚಿಸಬೇಕು.

ಹಚಿನ್ಸನ್ನನ ಪತ್ರ ಬಂದ ಆ ಏಪ್ರಿಲ್ ಮುಗಿಯುವುದರೊಳಗಾಗಿಯೇ ಲಂಡನ್ನಿನಲ್ಲಿ ಲೇಡೀಸ್ ಗಾಲ್ಫ್ ಯೂನಿಯನ್ ಅಸ್ತಿತ್ವಕ್ಕೆ ಬಂದಿತು. ಅದರ ಪ್ರಾಣವೆಂದರೆ ವಿಂಬಲ್ಡನ್ನಿನ ಇಸೆಟ್ ಪಿಯರ್ಸನ್ ಎಂಬ ತರುಣಿ. ಆಕೆಗೆ ಬೆಂಬಲವಾಗಿ ನಿಂತವನು ವೈದ್ಯನಾದ ಲೇಯ್ಡ್‌ಲಾ ಪರ್ವಿಸ್. ಅದೇ ವರ್ಷ ಲಿಥಮ್ ಸೇಂಟ್ ಆನ್ಸಿನಲ್ಲಿ ಮೊದಲನೆಯ ಬ್ರಿಟಿಷ್ ಮಹಿಳಾ ಚಾಂಪಿಯನ್‌ಶಿಪ್ ನಡೆಯಿತು. ಲೇಡಿ ಮಾರ್ಗರೆಟ್ ಸ್ಕಾಟ್ ಎಂಬ ಪ್ರಭುಪುತ್ರಿ, ಗಾಲ್ಫಿನಲ್ಲಿ ನಿಪುಣರಾದ ಸೋದರರೊಡನೆ ಆಡಿ ಬೆಳೆದವಳು, ಭುಜದ ನಿಯಮವನ್ನು ಲೆಕ್ಕಿಸದೆ ಕೋಲನ್ನು ಬೆನ್ನಿನ ಹಿಂದಕ್ಕೆ ಬೀಸಿ ಹೊಡೆದು ಆ ವರ್ಷವೂ ಮುಂದಿನ ಎರಡು ವರ್ಷಗಳೂ ಗೆದ್ದು, ಅನಂತರ ಪಂದ್ಯಗಳಿಂದ ನಿವೃತ್ತಳಾದಳು. ದೇಹಪ್ರಕೃತಿಯ ಆಕ್ಷೇಪವು ಅಲ್ಲಿಗೆ ಬಿದ್ದುಹೋಯಿತು. ಆ ಮೊದಲೆರಡು ವರ್ಷಗಳ ಅಂತಿಮ ಪಂದ್ಯಗಳಲ್ಲಿ ಆಕೆಯ ಎದುರು ಸೋತವಳು ಇಸೆಟ್ ಪಿಯರ್ಸನ್ನಳೇ ಎಂಬುದು ಗಮನಾರ್ಹ. ಪಾರಿತೋಷಕ ಸ್ಕಾಟಳಿಗೆ ಹೋಯಿತು, ಸರಿ. ಆದರೆ ಕಾಲದ ತಕ್ಕಡಿಯಲ್ಲಿಟ್ಟು ನೋಡಿದರೆ ಪಿಯರ್ಸನ್ನಳ ಕಾರ್ಯವೇ ಹೆಚ್ಚು ತೂಗುತ್ತದೆ.

ಏಕೆಂದರೆ ಒಂದು ಪಂದ್ಯಾವಳಿಯನ್ನು ನಡೆಸಿ ಸುಮ್ಮನಾಗಲು ಆಕೆ ಒಪ್ಪಲಿಲ್ಲ. ಗಾಲ್ಫಿನಲ್ಲಿ ಪ್ರಬಲರೂ ದುರ್ಬಲರೂ ಸಮಬಲದಿಂದ ಸ್ಪರ್ಧಿಸಲು ಅನುಕೂಲವಾಗುವಂತೆ ಆಟಗಾರರ ಶಕ್ತಿಗೆ ತಕ್ಕಂತೆ ಕೆಲವು ಹೊಡೆತಗಳನ್ನು ವಿನಾಯಿತಿ ಕೊಡುವ ಹ್ಯಾಂಡಿಕ್ಯಾಪ್ ಎಂಬ ಪದ್ಧತಿಯುಂಟು. ಆ ಕಾಲದಲ್ಲಿ ಒಂದೊಂದು ಸಂಘ ಒಂದೊಂದು ರೀತಿಯಾಗಿ ಅದನ್ನು ನಿಗದಿ ಮಾಡುತ್ತಿದ್ದುದರಿಂದ, ಊರೂರಿಗೂ ಸೇರು ಬೇರೆ ಬೇರೆಯಾಗಿದ್ದ ಕಾಲದಲ್ಲಿ ಸಂತೆಗೆ ಹೋದವನ ಪಾಡೇ ಬೇರೂರಿಗೆ ಆಡಲು ಹೋದವರ ಪಾಡಾಗಿದ್ದಿತು. ಪಿಯರ್ಸನ್ ದೇಶದ ಒಂದೊಂದು ಅಂಗಳಕ್ಕೂ ತಾನೇ ಪ್ರಯಾಣ ಮಾಡಿ, ಅದರ ಕಾಠಿಣ್ಯವನ್ನು ಅಳೆದು, ಉತ್ತಮ ಆಟಗಾರ್ತಿಗೆ ಅಲ್ಲಿ ಇಷ್ಟು ಹೊಡೆತಗಳು ಬೇಕೆಂಬ ಪ್ರಮಾಣವನ್ನು ಗೊತ್ತುಪಡಿಸಿ, ಆ ಪ್ರಮಾಣದ ಮೇಲೆ ಎಲ್ಲ ಸಂಘಗಳ ಸದಸ್ಯೆಯರಿಗೂ ಅನ್ವಯಿಸುವ ಏಕರೂಪದ ಹ್ಯಾಂಡಿಕ್ಯಾಪನ್ನು ಹಲವು ವರ್ಷಗಳ ಶ್ರಮದಿಂದ, ಹಲವರ ಅಸಮಾಧಾನವನ್ನು ಎದುರಿಸಿ, ಜಾರಿಗೆ ತಂದಳು. ಬ್ರಿಟನ್ನಿನ ಪುರುಷರ ಸಂಘಗಳು ಇಂತಹುದೇ ಏಕರೂಪದ ವ್ಯವಸ್ಥೆಗೆ ಒಳಪಟ್ಟದ್ದು 1920ರ ದಶಕದಲ್ಲಿ. ಯಾರು ಒಗ್ಗೂಡಲಾರರೆಂದು ಹಚಿನ್ಸನ್ ನುಡಿದಿದ್ದನೋ ಅವರೇ ಪುರುಷರಿಗಿಂತ ಒಂದು ಪೀಳಿಗೆಯಷ್ಟು ಮೊದಲು ಒಗ್ಗೂಡಿ ತೋರಿಸಿದ್ದರು. ಇದೇ ಒಕ್ಕೂಟವು ಮುಂದೆ, 1933ರಲ್ಲಿ, ಗ್ಲೋರಿಯಾ ಮಿನೋಪ್ರಿಯೋ ಎಂಬಾಕೆ ಷರಾಯಿ ತೊಟ್ಟು ಒಂದೇ ಒಂದು ಕೋಲನ್ನು ಹಿಡಿದು ಇಂಗ್ಲಿಷ್ ಚಾಂಪಿಯನ್‌ಶಿಪ್ಪಿನ ಅಂಗಳಕ್ಕಿಳಿದಾಗ ಸಂಪ್ರದಾಯಭಂಗವಾಯಿತೆಂದು ವಿಷಾದ ಸೂಚಿಸಿತೆಂಬುದನ್ನೂ ಹೇಳದೆ ಬಿಡುವುದು ನ್ಯಾಯವಲ್ಲ.

ಈ ನಡುವೆ, ಭಾರತದ ಮಣ್ಣಿನಲ್ಲಿ ಹುಟ್ಟಿದ ಒಬ್ಬಾಕೆಯ ವಿಚಿತ್ರವಾದ ಕಥೆಯೊಂದಿದೆ. ಕಲ್ಕತ್ತೆಯಲ್ಲಿ ವ್ಯಾಪಾರದಲ್ಲಿದ್ದ ಅಮೆರಿಕನ್ ದಂಪತಿಗಳಿಗೆ 1878ರಲ್ಲಿ ಜನಿಸಿದ ಮಾರ್ಗರೆಟ್ ಅಬಾಟ್, ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಲೇಖಕಿಯಾದ ತಾಯಿ ಮೇರಿಯೊಡನೆ ಸ್ವದೇಶಕ್ಕೆ ಮರಳಿ ಶಿಕಾಗೋ ನಗರದಲ್ಲಿ ಗಾಲ್ಫ್ ಕಲಿತಳು. ಚಿತ್ರಕಲೆಯ ಅಭ್ಯಾಸಕ್ಕಾಗಿ ತಾಯಿಮಗಳಿಬ್ಬರೂ ಪ್ಯಾರಿಸ್ಸಿನಲ್ಲಿದ್ದಾಗ, 1900ರ ಅಕ್ಟೋಬರಿನಲ್ಲಿ, ಅಲ್ಲಿಗೆ ಸಮೀಪದ ಕಾಂಪ್ಯೆನ್ಯ ಎಂಬಲ್ಲಿ ಮಹಿಳೆಯರ ಗಾಲ್ಫ್ ಪಂದ್ಯವೊಂದು ನಡೆಯಲಿದೆಯೆಂದು ತಿಳಿದು ಇಬ್ಬರೂ ಹೆಸರು ಕೊಟ್ಟರು. ಒಂಬತ್ತು ಕುಳಿಗಳನ್ನು ಮಗಳು 47 ಹೊಡೆತಗಳಲ್ಲಿ ಮುಗಿಸಿ ಮೊದಲ ಸ್ಥಾನವನ್ನು ಪಡೆದಳು. ಪಿಂಗಾಣಿಯ ಬಟ್ಟಲೊಂದು ಬಹುಮಾನವಾಗಿ ದೊರೆಯಿತು. ಪ್ಯಾರಿಸ್ಸಿನ ಮಹಾಪ್ರದರ್ಶನದ ಅಂಗವಾಗಿ ತಿಂಗಳುಗಟ್ಟಲೆ ಚದುರಿದಂತೆ ನಡೆದ ಆ ಪಂದ್ಯಗಳೇ ಎರಡನೆಯ ಒಲಿಂಪಿಕ್ಸ್ ಎಂಬುದು ಆಡಿದವರಲ್ಲಿ ಅನೇಕರಿಗೆ ತಿಳಿದಿರಲಿಲ್ಲ. ಅಬಾಟ್ ಸ್ವದೇಶಕ್ಕೆ ಹಿಂದಿರುಗಿ, ಫಿನ್ಲಿ ಪೀಟರ್ ಡನ್ ಎಂಬ ಹೆಸರಾಂತ ಲೇಖಕನನ್ನು ವಿವಾಹವಾಗಿ, ಮಕ್ಕಳನ್ನು ಬೆಳೆಸಿ, 1955ರಲ್ಲಿ ಕಾಲವಾದಳು; ತಾನು ಒಲಿಂಪಿಕ್ ಪ್ರಥಮಸ್ಥಾನವನ್ನು ಪಡೆದ ಮೊದಲ ಅಮೆರಿಕನ್ ಮಹಿಳೆಯೆಂಬ ಸಂಗತಿ ಆಕೆಯ ಕಿವಿಗೆ ಬೀಳಲೇ ಇಲ್ಲ. ಬಹುಕಾಲದ ತರುವಾಯ ಫ್ಲಾರಿಡಾ ವಿಶ್ವವಿದ್ಯಾನಿಲಯದ ಪಾಲಾ ವೆಲ್ಚ್ ಎಂಬ ಪ್ರಾಧ್ಯಾಪಿಕೆ ವರ್ಷಗಳ ಕಾಲ ಹುಡುಕಿ, ಆಕೆಯ ಮಕ್ಕಳನ್ನು ಕಂಡುಹಿಡಿದು ಈ ವಿಷಯವನ್ನು ತಿಳಿಸಿದಳು. ಲೆಕ್ಕವಿಡುವ ಸಂಸ್ಥೆಯೊಂದಿಲ್ಲದಿದ್ದರೆ ಗೆಲವು ಕೂಡ ಎಷ್ಟು ನಿರಾಯಾಸವಾಗಿ ಅಳಿದುಹೋಗಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿಯದು.

ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳನ್ನು ಬೇಗ ದಾಟಬಹುದು. ಆದರೆ ಜಾಯ್ಸ್ ವೆದರೆಡ್‌ಳ ಹೆಸರನ್ನು ಹೇಳದೆ ದಾಟುವಂತಿಲ್ಲ. 1920ರಲ್ಲಿ ಷೆರಿಂಗಮ್ಮಿನಲ್ಲಿ, ಇನ್ನೂ ಹದಿನೆಂಟರ ಹುಡುಗಿಯಾಗಿದ್ದ ಆಕೆ, ಅಂದಿನ ಅಜೇಯಳೆನಿಸಿದ್ದ ಸೆಸಿಲ್ ಲೀಚಳ ಎದುರು ಬಹಳ ಹಿಂದೆ ಬಿದ್ದಿದ್ದರೂ ಚೇತರಿಸಿಕೊಂಡು ಬಂದು, ಹದಿನೇಳನೆಯ ಕುಳಿಯಲ್ಲಿ ಗೆಲವಿನ ಚೆಂಡನ್ನು ಉರುಳಿಸಿದಾಗ ಪಕ್ಕದ ಹಳಿಯಲ್ಲಿ ರೈಲೊಂದು ಗಡಗಡಿಸಿಕೊಂಡು ಹೋಯಿತಂತೆ. ರೈಲು ಹೋಗುವವರೆಗೆ ಏಕೆ ಕಾಯಲಿಲ್ಲವೆಂದು ಕೇಳಿದವರಿಗೆ, ಯಾವ ರೈಲು ಎಂದು ಆಕೆ ಮರುಪ್ರಶ್ನೆ ಹಾಕಿದಳೆಂಬ ಕಥೆ ಗಾಲ್ಫ್ ಬಲ್ಲವರೆಲ್ಲರ ಬಾಯಲ್ಲಿದೆ. ಪುರುಷರ ಗಾಲ್ಫಿನಲ್ಲಿ ಸರ್ವಶ್ರೇಷ್ಠನೆನಿಸಿದ್ದ ಬಾಬಿ ಜೋನ್ಸ್ 1930ರಲ್ಲಿ ಸೇಂಟ್ ಆಂಡ್ರೂಸಿನಲ್ಲಿ ಆಕೆಯೊಡನೆ ಆಡಿದ ಮೇಲೆ, ಇಷ್ಟು ಉತ್ತಮವಾಗಿ ಆಡುವ ಗಂಡಸನ್ನಾಗಲಿ ಹೆಂಗಸನ್ನಾಗಲಿ ತಾನು ಕಂಡಿಲ್ಲವೆಂಬ ಅರ್ಥದಲ್ಲಿ ಹೊಗಳಿದನು.

ವೆದರೆಡ್ ಮೊದಲಾದವರು ಹಣಕ್ಕಾಗಿ ಆಡಿದವರಲ್ಲ. ಆಟವನ್ನೇ ಜೀವನವೃತ್ತಿಯಾಗಿ ಹಿಡಿಯುವ ದಾರಿಯು ಸ್ತ್ರೀಯರಿಗೆ ತೆರೆದುದು ಅಮೆರಿಕದಲ್ಲಿ. ಎರಡನೆಯ ಮಹಾಯುದ್ಧವು ಇನ್ನೂ ನಡೆಯುತ್ತಿದ್ದಾಗಲೇ, 1944ರಲ್ಲಿ, ಉತ್ತರ ಕರೋಲಿನದ ಹೋಪ್ ಸೀನ್ಯಸ್ ಎಂಬಾಕೆ ಸ್ವಂತ ಹಣವನ್ನು ಸುರಿದು ವೃತ್ತಿಪರ ಆಟಗಾರ್ತಿಯರ ಸಂಘವೊಂದನ್ನು ಕಟ್ಟಿ, ಎರಡು ವರ್ಷಗಳ ಮೇಲೆ ಸ್ಪೊಕೇನ್ ನಗರದಲ್ಲಿ ಮೊದಲನೆಯ ಅಮೆರಿಕನ್ ಮಹಿಳಾ ಓಪನ್ ಪಂದ್ಯವನ್ನು ನಡೆಸಿದಳು; ಪ್ಯಾಟಿ ಬರ್ಗ್ ಅದನ್ನು ಗೆದ್ದಳು. ಆ ಸಂಘವು ಹಣದ ಅಭಾವದಿಂದ ಸೊರಗಿದಾಗ, 1950ರಲ್ಲಿ ಕ್ಯಾನ್ಸಸ್ ಪ್ರಾಂತದ ವಿಚಿಟಾ ನಗರದಲ್ಲಿ ಹದಿಮೂರು ಮಂದಿ ಮಹಿಳೆಯರು ಮತ್ತೊಂದು ಸಂಘವನ್ನು ಸ್ಥಾಪಿಸಿದರು. ಅದೇ ಇಂದು ಜಗತ್ತಿನಲ್ಲೆಲ್ಲ ಹೆಸರಾಗಿರುವ ಎಲ್‌ಪಿಜಿಎ. ಪ್ಯಾಟಿ ಬರ್ಗ್ ಮೊದಲನೆಯ ಅಧ್ಯಕ್ಷೆ. ಅತಿ ಕಿರಿಯಳಾದ ಮಾರ್ಲೀನ್ ಬಾವರ್‌ಳ ವಯಸ್ಸು ಹದಿನಾರು.

ಈ ಹದಿಮೂರು ಮಂದಿಯ ದಿನಚರಿಯನ್ನು ನೆನೆದರೆ ಮನಸ್ಸು ತುಂಬಿಬರುತ್ತದೆ. ಒಂದು ಊರಿನ ಪಂದ್ಯ ಮುಗಿದೊಡನೆ ಸಾಮಾನನ್ನೆಲ್ಲ ಕಾರುಗಳಿಗೆ ತುಂಬಿ, ಸಾಲಾಗಿ ಹೊರಟು, ರಾತ್ರಿಯೆಲ್ಲ ಪ್ರಯಾಣಮಾಡಿ ಮುಂದಿನ ಊರನ್ನು ತಲಪುವರು. ಅಂಗಳದಲ್ಲಿ ಯಾವ ಕುಳಿಗೆ ಎಲ್ಲಿಂದ ಹೊಡೆಯಬೇಕೆಂದು ಗುರುತು ಹಾಕುವವರು ಅವರೇ, ನಿಯಮಭಂಗದ ತೀರ್ಪು ಕೊಡುವವರು ಅವರೇ, ಪತ್ರಿಕೆಗಳಿಗೆ ವರದಿ ಬರೆಯುವವರು ಅವರೇ, ಬಹುಮಾನದ ಹಣವನ್ನು ಎಣಿಸಿ ಹಂಚುವವರೂ ಅವರೇ. ಜನರನ್ನು ಸೆಳೆಯುವುದಕ್ಕಾಗಿ ಬೇಸ್‌ಬಾಲ್ ಮೈದಾನಗಳಿಗೆ ಹೋಗಿ, ಪ್ರೇಕ್ಷಕರ ಎದುರು ನಿಂತು ಗಾಲ್ಫ್ ಚೆಂಡನ್ನು ಹೊಡೆದು ತೋರಿಸಿ, ನಾಳೆ ನಮ್ಮ ಪಂದ್ಯಕ್ಕೆ ಬನ್ನಿರೆಂದು ಕರೆಯುವರು. ಅವರ ನಡುವೆ ಪೈಪೋಟಿಯೂ ಮನಸ್ತಾಪವೂ ಇರಲಿಲ್ಲವೆಂದಲ್ಲ. ಲೂಯಿಸ್ ಸಗ್ಸ್ ಮತ್ತು ಬೇಬ್ ಝಹಾರಿಯಸ್ ಇವರಿಬ್ಬರಿಗೂ ಪರಸ್ಪರ ಆಗುತ್ತಲೇ ಇರಲಿಲ್ಲ; ಆದರೂ ಸಂಘವನ್ನು ಇಬ್ಬರೂ ಬಿಡಲಿಲ್ಲ.

ಬೇಬ್ ಝಹಾರಿಯಸ್ ಟೆಕ್ಸಸ್ ಪ್ರಾಂತದ, ನಾರ್ವೆಯಿಂದ ವಲಸೆ ಬಂದ ಬಡಕುಟುಂಬದ ಮಗಳು. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಭರ್ಜಿ ಎಸೆತದಲ್ಲಿಯೂ ಹರ್ಡಲ್ಸ್ ಓಟದಲ್ಲಿಯೂ ಸ್ವರ್ಣಪದಕವನ್ನು, ಎತ್ತರ ಜಿಗಿತದಲ್ಲಿ ರಜತಪದಕವನ್ನು ಪಡೆದ ಬಳಿಕ ಗಾಲ್ಫಿಗೆ ಬಂದವಳು. 1947ರಲ್ಲಿ ಬ್ರಿಟಿಷ್ ಮಹಿಳಾ ಅಮೆಚೂರ್ ಪಂದ್ಯವನ್ನು ಗೆದ್ದ ಮೊದಲ ಅಮೆರಿಕನ್ ಆಟಗಾರ್ತಿ ಆಕೆಯೇ. ಜನ ಆಕೆಯನ್ನು ನೋಡುವುದಕ್ಕಾಗಿ ಬರುತ್ತಿದ್ದರು, ಆಮೇಲೆ ಉಳಿದವರ ಆಟವನ್ನೂ ನೋಡಿ ಹೋಗುತ್ತಿದ್ದರು. 1953ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಆಕೆಯನ್ನು ಹಿಡಿಯಿತು. ಶಸ್ತ್ರಚಿಕಿತ್ಸೆಯಾಗಿ, ಹೊಟ್ಟೆಯ ಪಕ್ಕಕ್ಕೆ ಚೀಲವನ್ನು ಅಳವಡಿಸಿದ್ದ ಸ್ಥಿತಿಯಲ್ಲಿ, ಮರುವರ್ಷ ಮ್ಯಾಸಚೂಸೆಟ್ಸಿನ ಸೇಲಂ ಕಂಟ್ರಿ ಕ್ಲಬ್ಬಿನಲ್ಲಿ ನಡೆದ ಅಮೆರಿಕನ್ ಮಹಿಳಾ ಓಪನ್ ಪಂದ್ಯದಲ್ಲಿ ಆಕೆ ಹನ್ನೆರಡು ಹೊಡೆತಗಳ ಅಂತರದಿಂದ ಗೆದ್ದಳು. ಕ್ಯಾನ್ಸರೆಂಬ ಹೆಸರನ್ನು ಮನೆಯವರೊಡನೆಯೂ ಎತ್ತಲು ಜನ ಹಿಂಜರಿಯುತ್ತಿದ್ದ ಆ ದಿನಗಳಲ್ಲಿ ಆಕೆ ತನ್ನ ರೋಗವನ್ನು ಬಹಿರಂಗವಾಗಿ ಹೇಳಿಕೊಂಡು ಆಡಿದಳೆಂಬುದು ಆ ಗೆಲವಿನಷ್ಟೇ ದೊಡ್ಡ ಸಂಗತಿ. 1956ರಲ್ಲಿ, ನಲವತ್ತೈದನೆಯ ವಯಸ್ಸಿನಲ್ಲಿ, ತೀರಿಕೊಂಡಳು.

ಹದಿಮೂರು ಮಂದಿ ಕಟ್ಟಿದ ಮನೆಯೊಳಗೆ ಎಲ್ಲರಿಗೂ ಸಲೀಸಾಗಿ ಪ್ರವೇಶ ದೊರೆಯಿತೆಂದು ಹೇಳಲಾಗದು. ವಿಂಬಲ್ಡನ್ ಟೆನಿಸ್ ಪ್ರಶಸ್ತಿಯನ್ನು ಎರಡು ಬಾರಿ ಗೆದ್ದಿದ್ದ ಆಲ್ತಿಯಾ ಗಿಬ್ಸನ್ 1964ರಲ್ಲಿ ಈ ಸಂಘವನ್ನು ಸೇರಿದ ಮೊದಲ ಕಪ್ಪು ಮಹಿಳೆ. ಕೆಲವು ಕ್ಲಬ್ಬುಗಳು ಒಳಗೆ ಬಿಡದಿದ್ದುದರಿಂದ ಆಕೆ ತನ್ನ ಕಾರಿನಲ್ಲಿ ಕುಳಿತು ಬೂಟು ಬದಲಿಸಿಕೊಳ್ಳಬೇಕಾಗಿತ್ತು. ಆಗ ಸಂಘದ ಪಂದ್ಯನಿರ್ದೇಶಕನು ಗಿಬ್ಸನ್‌ಳಿಗೆ ಅವಕಾಶ ಕೊಡದ ಕಡೆ ಪಂದ್ಯವನ್ನೇ ನಡೆಸುವುದಿಲ್ಲವೆಂದು ನಿಂತನು, ಸಹ ಆಟಗಾರ್ತಿಯರು ಬೆಂಬಲಿಸಿದರು. ಹಿಂದೆಯೇ ಬಂದವಳು ರೆನೀ ಪವೆಲ್. ಸೇಂಟ್ ಆಂಡ್ರೂಸಿನ ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ಬು, ಎರಡೂವರೆ ಶತಮಾನಗಳಿಗೂ ಹೆಚ್ಚು ಕಾಲ ಪುರುಷರಿಗಷ್ಟೇ ಮೀಸಲಾಗಿದ್ದು, 2014ರಲ್ಲಿ ಮಹಿಳೆಯರನ್ನು ಸದಸ್ಯರಾಗಿ ಸ್ವೀಕರಿಸಲು ಮತ ಹಾಕಿ, ಮರುವರ್ಷ ಏಳು ಮಂದಿಗೆ ಗೌರವ ಸದಸ್ಯತ್ವವನ್ನು ಕೊಟ್ಟಿತು. ಅವರಲ್ಲಿ ರೆನೀ ಪವೆಲ್ ಒಬ್ಬಳು. ವಿಚಿಟಾದ ಹದಿಮೂರು ಮಂದಿಯಲ್ಲೊಬ್ಬಳಾದ, ತೊಂಬತ್ತನ್ನು ದಾಟಿದ್ದ ಲೂಯಿಸ್ ಸಗ್ಸ್ ಮತ್ತೊಬ್ಬಳು.

ನಮ್ಮ ದೇಶಕ್ಕೆ ಗಾಲ್ಫ್ ಬಹು ಬೇಗನೆ ಬಂದಿತು. ಕಲ್ಕತ್ತೆಯ ರಾಯಲ್ ಕ್ಲಬ್ಬು 1829ರದು, ಬೆಂಗಳೂರು ಗಾಲ್ಫ್ ಕ್ಲಬ್ಬು 1876ರದು. ಆದರೆ ಭಾರತೀಯ ಮಹಿಳೆಯರ ಹೆಸರು ಎದ್ದು ಕಾಣಲು ಒಂದು ಶತಮಾನವೇ ಬೇಕಾಯಿತು. ಸೀತಾ ರಾವ್ಲಿ 1977ರ ಅರ್ಜುನ ಪ್ರಶಸ್ತಿಯನ್ನು ಪಡೆದರು. ಕಲ್ಕತ್ತೆಯ ಸಿಮಿ ಮೆಹ್ರಾ ಎಲ್‌ಪಿಜಿಎ ಸುತ್ತಿನಲ್ಲಿ ಆಡಿದ ಮೊದಲ ಭಾರತೀಯರಾದರು. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅದಿತಿ ಅಶೋಕ್ ಅವರದು ಗಾಲ್ಫಿನ ಮನೆತನವಲ್ಲ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಅಭ್ಯಾಸದ ಅಂಗಳ ಕಾಣುವಂತಹ ಹೋಟೆಲೊಂದಕ್ಕೆ ತಂದೆತಾಯಿಗಳೊಡನೆ ತಿಂಡಿಗೆ ಹೋಗುತ್ತಿದ್ದ ಐದು ವರ್ಷದ ಹುಡುಗಿ, ಆಚೆ ಚೆಂಡು ಹೊಡೆಯುತ್ತಿದ್ದವರನ್ನು ನೋಡಿ ಕುತೂಹಲಗೊಂಡು ಕೋಲು ಹಿಡಿದದ್ದೇ ಆರಂಭ. 1900ರ ಅನಂತರ ಒಲಿಂಪಿಕ್ಸಿನಲ್ಲಿ ಇಲ್ಲವಾಗಿದ್ದ ಮಹಿಳೆಯರ ಗಾಲ್ಫ್ 2016ರಲ್ಲಿ ರಿಯೋ ನಗರದಲ್ಲಿ ಮರಳಿ ಬಂದಾಗ, ಹದಿನೆಂಟರ ಅದಿತಿ ತಂದೆಯನ್ನೇ ಕ್ಯಾಡಿಯಾಗಿ ಇಟ್ಟುಕೊಂಡು ಆಡಿದರು. ಐದು ವರ್ಷಗಳ ತರುವಾಯ ಟೋಕಿಯೋದಲ್ಲಿ ಚೀಲ ಹೊತ್ತು ಜೊತೆಗೆ ನಡೆದವರು ತಾಯಿ ಮಹೇಶ್ವರಿ. ಜಗತ್ತಿನ ಶ್ರೇಣಿಯಲ್ಲಿ ಆಗ ಇನ್ನೂರನೆಯವರಾಗಿದ್ದ ಅದಿತಿ ಎರಡನೆಯ ಮೂರನೆಯ ದಿನಗಳ ಕೊನೆಗೆ ಎರಡನೆಯ ಸ್ಥಾನದಲ್ಲಿದ್ದು, ಕಡೆಯ ಕುಳಿಯವರೆಗೂ ಪದಕದ ಆಸೆಯನ್ನು ಜೀವಂತವಾಗಿರಿಸಿ, ಒಂದೇ ಒಂದು ಹೊಡೆತದಿಂದ ಕಂಚನ್ನು ಕಳೆದುಕೊಂಡು ನಾಲ್ಕನೆಯವರಾದರು. ಅಂದು ಬೆಳಗಿನ ಜಾವದಿಂದಲೇ ದೂರದರ್ಶನದ ಮುಂದೆ ಕುಳಿತು, ಅದುವರೆಗೆ ಗಾಲ್ಫಿನ ಗಂಧವೂ ಇಲ್ಲದಿದ್ದ ಎಷ್ಟೋ ಮಂದಿ ಆ ಆಟದ ಲೆಕ್ಕವನ್ನು ಕಲಿತರು.

2023ರಲ್ಲಿ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡೆಗಳಿಗೆ ಭಾರತ ಕಳುಹಿಸಿದ ಮಹಿಳಾ ಗಾಲ್ಫ್ ತಂಡದಲ್ಲಿ ಇದ್ದವರು ಮೂವರು: ಬೆಂಗಳೂರಿನ ಅದಿತಿ ಅಶೋಕ್, ಬೆಂಗಳೂರಿನವರೇ ಆದ ಅವನಿ ಪ್ರಶಾಂತ್, ಮೈಸೂರಿನ ಪ್ರಣವಿ ಅರಸ್. ಮೂರು ಸುತ್ತುಗಳ ಕೊನೆಗೆ ಏಳು ಹೊಡೆತಗಳಷ್ಟು ಮುಂದಿದ್ದ ಅದಿತಿ ಕಡೆಯ ದಿನ ಎಡವಿದರೂ ರಜತಪದಕವನ್ನು ತಂದರು. ಏಷ್ಯನ್ ಕ್ರೀಡೆಗಳ ಗಾಲ್ಫಿನಲ್ಲಿ ಭಾರತೀಯ ಮಹಿಳೆಗೆ ದೊರೆತ ಮೊದಲ ಪದಕ ಅದು. ಅವನಿಯೂ ಪ್ರಣವಿಯೂ ಈಗ ಯೂರೋಪಿನ ಮಹಿಳಾ ಸುತ್ತಿನಲ್ಲಿ ಆಡುತ್ತಿದ್ದಾರೆ. ಅಲ್ಲಿಗೆ ಹೋಗುವ ಮೊದಲು ಅವರಿಬ್ಬರೂ ಪಳಗಿದ್ದು, ಗೆಲ್ಲುವುದನ್ನು ರೂಢಿಸಿಕೊಂಡದ್ದು, ಭಾರತದ ಮಹಿಳಾ ಗಾಲ್ಫ್ ಸಂಸ್ಥೆಯು ಊರಿಂದೂರಿಗೆ ನಡೆಸಿಕೊಂಡು ಬರುತ್ತಿರುವ ದೇಶೀಯ ವೃತ್ತಿಪರ ಪಂದ್ಯಮಾಲೆಯಲ್ಲಿ.